ತೇವ ಏರುವ ಹಳೆಯ ನೆಲ: ತೇಪೆ, ಎಪಾಕ್ಸಿ, ಪ್ಲಾಸ್ಟಿಕ್ ಹಾಳೆ, ಅಗೆದು ಹೊಸದು — ಯಾವ ಮನೆಗೆ ಯಾವುದು?

ಕರಾವಳಿ ಮತ್ತು ಮಲೆನಾಡಿನ ಹಳೆಯ ಮನೆಗಳಲ್ಲಿ ಮಳೆ ಹಿಡಿದು ಎರಡು ವಾರ ಕಳೆಯುವಷ್ಟರಲ್ಲಿ ನೆಲ ಕಪ್ಪಾಗಿ ಪಸೆ ಹಿಡಿಯುತ್ತದೆ. ಚಾಪೆ ಎತ್ತಿದರೆ ಅಡಿಯಲ್ಲಿ ಬೂಸ್ಟು, ಗೋಡೆಯ ಬುಡದಲ್ಲಿ ಬಿಳಿ ಪುಡಿ, ಕಬ್ಬಿಣದ ಬೀರುವಿನ ಕಾಲಿನ ಸುತ್ತ ತುಕ್ಕಿನ ಕಲೆ. ನಲವತ್ತು ಐವತ್ತು ವರ್ಷದ ಹಿಂದೆ ಕಟ್ಟಿದ ಮನೆಗಳಲ್ಲಿ ನೆಲ ಹಾಕುತ್ತಿದ್ದ ರೀತಿ ಹೆಚ್ಚುಕಡಿಮೆ ಒಂದೇ. ಪಾಯದೊಳಗೆ ಮಣ್ಣು ತುಂಬಿ ದಮ್ಮಸು ಹೊಡೆದು, ಅದರ ಮೇಲೆ 3–4 ಇಂಚು ದಪ್ಪಕ್ಕೆ 1:4:8ರ (ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣ) ಬೆಡ್ ಕಾಂಕ್ರೀಟ್, ಮೇಲೆ ಗಾರೆ, ಕೊನೆಗೆ ರೆಡಾಕ್ಸೈಡ್. ಮಣ್ಣಿಗೂ ಕಾಂಕ್ರೀಟಿಗೂ ನಡುವೆ ತೇವ ತಡೆಯುವಂಥದ್ದು ಏನೂ ಇರುತ್ತಿರಲಿಲ್ಲ. 1:4:8 ಎಂದರೆ ಸಿಮೆಂಟ್ ಕಡಿಮೆಯ, ರಂಧ್ರ ಹೆಚ್ಚಿನ ಕಾಂಕ್ರೀಟ್. ಮಣ್ಣಿನ ನೀರನ್ನು ಅದು ನಿಧಾನಕ್ಕೆ ಹೀರುತ್ತಲೇ ಇರುತ್ತದೆ.

ಇಂಥ ನೆಲಕ್ಕೆ ಪೇಟೆಯಲ್ಲಿ ಹತ್ತಾರು ಪರಿಹಾರ ಸಿಗುತ್ತವೆ. ಅವುಗಳಲ್ಲಿ ಬಹುಪಾಲು ಕೆಟ್ಟವಲ್ಲ. ಆದರೆ ತೇವ ಎಲ್ಲಿಂದ ಬರುತ್ತಿದೆ ಎಂದು ನೋಡದೆ ಬಳಿದರೆ ಯಾವುದೂ ನಿಲ್ಲುವುದಿಲ್ಲ. ನೆಲದ ಮೇಲ್ಮೈ ಮುಚ್ಚಿದ ಮಾತ್ರಕ್ಕೆ ಕೆಳಗಿನ ನೀರು ಒಣಗುವುದಿಲ್ಲ. ಅದು ಪಕ್ಕಕ್ಕೆ ಸರಿದು ಗೋಡೆ ಹಿಡಿಯುತ್ತದೆ. ಹಾಗಾಗಿ ಪರೀಕ್ಷೆ ಮೊದಲು, ಖರೀದಿ ಆಮೇಲೆ.

ಮೊದಲು ಪ್ಲಾಸ್ಟಿಕ್ ಚೌಕ

ದಪ್ಪ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಂದೂವರೆ ಅಡಿ ಚೌಕಕ್ಕೆ ಕತ್ತರಿಸಿ. ನೆಲ ಒರೆಸಿ ಒಣಗಿಸಿ, ಹಾಳೆಯ ನಾಲ್ಕೂ ಅಂಚಿಗೆ ಎಲ್ಲೂ ಗಾಳಿ ನುಸುಳದಂತೆ ಅಗಲದ ಟೇಪ್ ಹಚ್ಚಿ. ಕೋಣೆಯ ನಡುವೆ ಒಂದು, ಹೊರಗೋಡೆಯಿಂದ ಒಂದಡಿ ಒಳಗೆ ಒಂದು, ಬಚ್ಚಲಿನ ಕಡೆಗೆ ಒಂದು, ಹೀಗೆ ಕನಿಷ್ಠ ಮೂರು ಕಡೆ ಹಾಕಿ. ಬಿಸಿಲು ನೇರವಾಗಿ ಬೀಳುವ ಜಾಗ ಬೇಡ. 24ರಿಂದ 48 ಗಂಟೆ ಹಾಗೇ ಬಿಡಿ.

ಹಾಳೆ ಎತ್ತುವಾಗ ಎರಡೂ ಬದಿ ನೋಡಬೇಕು. ಅಡಿಬದಿಯಲ್ಲಿ ಸಣ್ಣ ಸಣ್ಣ ಹನಿ ಕೂತು, ಆ ಚೌಕದಷ್ಟು ನೆಲ ಸುತ್ತಲಿಗಿಂತ ಕಪ್ಪಾಗಿದ್ದರೆ ತೇವ ಮಣ್ಣಿನಿಂದ ಏರುತ್ತಿದೆ. ಹಾಳೆಯ ಮೇಲ್ಬದಿ ಒದ್ದೆಯಾಗಿ, ಅಡಿ ಒಣಗಿದ್ದರೆ ಅದು ಗಾಳಿಯ ತೇವ. ಮಳೆಗಾಲದ ಬೆಚ್ಚಗಿನ ಗಾಳಿ ತಣ್ಣನೆಯ ನೆಲಕ್ಕೆ ತಾಗಿ ನೀರಾಗುತ್ತದೆ. ಇದಕ್ಕೇ ಜನ ನೆಲ ಬೆವರುತ್ತದೆ ಎನ್ನುವುದು. ಬೆವರುವ ನೆಲಕ್ಕೆ ಎಪಾಕ್ಸಿ (ಬಳಿದ ಮೇಲೆ ಗಟ್ಟಿಯಾಗುವ ರಾಳದ ಲೇಪ) ಬಳಿದರೆ ಬೆವರು ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಹೊರಗಿನ ಗಾಳಿ ತೀರಾ ಒದ್ದೆಯಿರುವ ದಿನ ಕಿಟಕಿ ಮುಚ್ಚಿಡುವುದು, ಫ್ಯಾನ್ ಓಡಿಸುವುದು, ಅಡುಗೆಮನೆಯ ಹಬೆ ಹೊರಹೋಗಲು ಎಕ್ಸಾಸ್ಟ್ ಹಾಕುವುದು, ಬಟ್ಟೆ ಒಳಗೆ ಒಣಗಿಸದಿರುವುದು — ಇವೇ ಅದಕ್ಕೆ ಮದ್ದು.

ಬಚ್ಚಲ ಕಡೆಯ ಚೌಕ ಒಂದೇ ಒದ್ದೆಯಾಗಿದ್ದರೆ ಪೈಪನ್ನು ಅನುಮಾನಿಸಿ. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೀಟರಿನ ಅಂಕಿ ಬರೆದಿಡಿ, ಬೆಳಿಗ್ಗೆ ಒಂದು ಲೋಟ ನೀರೂ ಬಳಸುವ ಮೊದಲು ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಪ್ಲಂಬರ್ ಕೆಲಸ ಮೊದಲು. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಸಾಲಿಗೆ ಮೀಟರ್ ಇರುವುದಿಲ್ಲ. ಅಲ್ಲಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ನೋಡಬೇಕು. ಪಕ್ಕದಲ್ಲೇ ಸಂಪು ಇದ್ದರೆ ಅದನ್ನೂ ಇದೇ ರೀತಿ ಪರೀಕ್ಷಿಸಿ.

ಇನ್ನೊಂದು ಪರೀಕ್ಷೆ ಸುತ್ತಿಗೆಯದು. ಸಣ್ಣ ಸುತ್ತಿಗೆಯಿಂದ ಅರ್ಧ ಅಡಿಗೊಂದು ಪೆಟ್ಟಿನಂತೆ ನೆಲವನ್ನು ಹಗುರಾಗಿ ತಟ್ಟುತ್ತ ಹೋಗಿ. ಗಟ್ಟಿ ನೆಲ 'ಟಣ್' ಎನ್ನುತ್ತದೆ, ಗಾರೆ ಬೆಡ್ಡಿನಿಂದ ಬಿಟ್ಟಿರುವಲ್ಲಿ ಸದ್ದು 'ಡಬ್' ಎಂದು ದಪ್ಪಗಾಗುತ್ತದೆ. ಟೊಳ್ಳು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕೋಣೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗೆರೆಯೊಳಗೆ ಬಂದರೆ ತೇಪೆಯ ಮಾತು ಬಿಟ್ಟುಬಿಡಿ.

ಹೊರಗಿನ ಕೆಲಸ: ಎಲ್ಲ ಆಯ್ಕೆಗಳಿಗೂ ಮೊದಲಿನದು

ಕಡಿಮೆ ಖರ್ಚಿನದು ಇದೇ, ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದ್ದರೆ ಒಳಗೆ ಏನು ಮಾಡಿದರೂ ಹೊಳೆಯ ಪಕ್ಕ ಕೂತು ಬಟ್ಟೆ ಒಣಗಿಸಿದ ಹಾಗೆ. ದಂಬೆ ಹಾಕಿ ನೀರನ್ನು ಪೈಪಿನಲ್ಲಿ ದೂರ ಒಯ್ಯಿರಿ. ಮನೆಯ ಸುತ್ತ ಎರಡೂವರೆ–ಮೂರು ಅಡಿ ಅಗಲಕ್ಕೆ ಕಾಂಕ್ರೀಟ್ ಹಾಸು ಹಾಕಿಸಿ, ಹೊರಮುಖವಾಗಿ ಮೂರು ಅಡಿಗೆ ಮುಕ್ಕಾಲರಿಂದ ಒಂದಿಂಚು ಇಳಿಜಾರು ಕೊಡಿ. ಗೋಡೆಗೂ ಹಾಸಿಗೂ ನಡುವಿನ ಸಂದನ್ನು ಪಾಲಿಯುರೆಥೇನ್ ಸೀಲಂಟಿನಿಂದ ತುಂಬಿಸಿ. ಅಲ್ಲಿ ಗಾರೆ ಹಾಕಿದರೆ ಒಂದೇ ಬೇಸಿಗೆಗೆ ಬಿರಿಯುತ್ತದೆ.

ಅಂಗಳದ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ 6 ಇಂಚು ತಗ್ಗಿರಬೇಕು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಹೊಸ್ತಿಲಿಗಿಂತ ಎತ್ತರವಾಗಿರುವ ಮನೆಗಳು ಎಷ್ಟೋ ಇವೆ. ಅಂಥಲ್ಲಿ ಇಳಿಜಾರು ಹಿಡಿದು ಗೋಡೆಯಿಂದ ನಾಲ್ಕೈದು ಅಡಿ ದೂರದಲ್ಲಿ ಬಸಿಗಾಲುವೆ ತೋಡಬೇಕು. ಒಂದಡಿ ಅಗಲ, ಎರಡಡಿ ಆಳ, ತಳಕ್ಕೆ ತೂತಿನ 4 ಇಂಚು ಪಿವಿಸಿ ಪೈಪು, ಸುತ್ತ 20 ಎಂಎಂ ಜಲ್ಲಿ, ಜಲ್ಲಿಯನ್ನು ಸುತ್ತಿದ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ನೂರು ಅಡಿಗೆ ಒಂದಡಿ ಇಳಿಜಾರು ಸಾಕು. ಬಟ್ಟೆ ಬಿಟ್ಟರೆ ಕೆಸರು ನುಗ್ಗಿ ಒಂದೆರಡು ಮಳೆಗಾಲಕ್ಕೇ ಕಾಲುವೆ ಕಟ್ಟಿಕೊಳ್ಳುತ್ತದೆ. ಕಾಲುವೆಯ ಆಳ ಎಂದೂ ಪಾಯದ ತಳ ದಾಟಬಾರದು.

ಇಷ್ಟು ಮಾಡಿ ಒಂದು ಮಳೆಗಾಲ ಕಾಯುವ ತಾಳ್ಮೆಯಿದ್ದರೆ ಕಾಯಿರಿ. ತೇವ ಅರ್ಧಕ್ಕೆ ಇಳಿದರೆ ಒಳಗಿನ ಕೆಲಸದ ಆಯ್ಕೆಯೇ ಬದಲಾಗುತ್ತದೆ.

ತೇಪೆ ಯಾರಿಗೆ ಸಾಕು

ಪ್ಲಾಸ್ಟಿಕ್ ಚೌಕ ಒಣಗಿದೆ, ನೆಲ ಅಲ್ಲಲ್ಲಿ ಮಾತ್ರ ಕಿತ್ತಿದೆ ಎಂದಾದರೆ ತೇಪೆ ಸಾಕು. ತೇಪೆ ಬಿಟ್ಟುಹೋಗುವುದಕ್ಕೆ ಸಾಮಾನ್ಯ ಕಾರಣ ಅಂಚು. ಕಿತ್ತ ಜಾಗಕ್ಕೆ ಹಾಗೇ ಗಾರೆ ಸವರಿದರೆ ಅಂಚಿನಲ್ಲಿ ದಪ್ಪ ಕೂದಲೆಳೆಯಷ್ಟಾಗಿ ಮೊದಲ ವರ್ಷವೇ ಏಳುತ್ತದೆ. ಆಂಗಲ್ ಗ್ರೈಂಡರಿನಿಂದ ಕಿತ್ತ ಜಾಗದ ಸುತ್ತ ನೇರ ಗೆರೆ ಕತ್ತರಿಸಿ, ಒಳಗಿನದನ್ನು ಉಳಿಯಿಂದ ಕನಿಷ್ಠ ಒಂದಿಂಚು ಆಳಕ್ಕೆ ತೆಗೆಯಿರಿ. ಪುಡಿ ಪೂರ್ತಿ ಗುಡಿಸಿ, ಹಿಂದಿನ ರಾತ್ರಿಯೇ ನೀರು ಕುಡಿಸಿ. ಬೆಳಿಗ್ಗೆ ನೆಲ ಒದ್ದೆಯಿರಬೇಕು, ನೀರು ನಿಂತಿರಬಾರದು. ಎಸ್‌ಬಿಆರ್ ಲ್ಯಾಟೆಕ್ಸ್ (ಹಾಲಿನಂಥ ರಬ್ಬರ್ ಅಂಟು), ನೀರು, ಸಿಮೆಂಟನ್ನು ಡಬ್ಬಿಯ ಮೇಲಿನ ಪ್ರಮಾಣದಲ್ಲಿ ಕಲಸಿ ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿ, ಅದು ಅಂಟಂಟಾಗಿರುವಾಗಲೇ 1:3ರ ಗಾರೆ ತುಂಬಿ ಕರಣೆಯಿಂದ ಒತ್ತಿ. ಲ್ಯಾಟೆಕ್ಸ್ ಒಣಗಿದ ಮೇಲೆ ಗಾರೆ ಹಾಕಿದರೆ ಅದು ಅಂಟಾಗಿ ಕೆಲಸ ಮಾಡುವುದಿಲ್ಲ, ನಡುವೆ ಪೊರೆಯಾಗಿ ಕೂರುತ್ತದೆ. ಏಳು ದಿನ ಒದ್ದೆ ಗೋಣಿ ಹೊದಿಸಿಡಿ.

ಬಿರುಕಿನ ಕಥೆ ಬೇರೆ. ಬಿರುಕು ಇನ್ನೂ ಅಗಲವಾಗುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸಿನ ಸಣ್ಣ ಪಟ್ಟಿ ಹಾಕಿ ತಾರೀಖು ಬರೆದಿಡಿ. ಎರಡು ಮೂರು ತಿಂಗಳಲ್ಲಿ ಪಟ್ಟಿ ಸೀಳದಿದ್ದರೆ ಬಿರುಕು ನಿಂತಿದೆ ಎಂದರ್ಥ. ಗ್ರೈಂಡರಿನಿಂದ ಸ್ವಲ್ಪ ಅಗಲಿಸಿ ಎಪಾಕ್ಸಿ ತುಂಬಬಹುದು. ಸೀಳಿದರೆ ಪಾಲಿಯುರೆಥೇನ್ ಸೀಲಂಟಿನಂತಹ ಹಿಗ್ಗುವ ವಸ್ತುವೇ ಬೇಕು. ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಮೇಲಿನ ಮನೆಗಳಲ್ಲಿ ಮಳೆಗೆ ನೆಲದ ನಡುಭಾಗ ಉಬ್ಬಿ ಬೇಸಿಗೆಗೆ ಇಳಿಯುತ್ತದೆ. ಅದಕ್ಕೆ ಯಾವ ಲೇಪವೂ ಮದ್ದಲ್ಲ. ಅಲ್ಲಿ ಎರೆಮಣ್ಣನ್ನೇ ತೆಗೆದು ಮೊರಂ ತುಂಬುವ ಪ್ರಶ್ನೆ ಬರುತ್ತದೆ, ಅದನ್ನು ಎಂಜಿನಿಯರ್ ಬಂದು ನೋಡದೆ ಶುರುಮಾಡಬೇಡಿ.

ರೆಡಾಕ್ಸೈಡ್ ನೆಲದ ತೇಪೆಗೆ ಬಣ್ಣ ಹೊಂದುವುದಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ. ಹೊಂದಿಸಲೆಂದು ಆಕ್ಸೈಡ್ ಹೆಚ್ಚಿಸುತ್ತ ಹೋಗುವವರಿದ್ದಾರೆ. ಸಿಮೆಂಟಿನ ತೂಕದ ಹತ್ತನೇ ಒಂದು ಭಾಗ ದಾಟಿದರೆ ಮೇಲ್ಪದರ ಬಲ ಕಳೆದುಕೊಂಡು ಪುಡಿಯಾಗಿ ಕಾಲಿಗೆ ಹತ್ತುತ್ತದೆ. ಗಟ್ಟಿಯಾಗಿರುವ ಹಳೆಯ ಕೆಂಪು ನೆಲ, ತೇವ ಸ್ವಲ್ಪವೇ ಇದೆ, ಚಾಪೆ ಎತ್ತಿಟ್ಟರೆ ಒಣಗುತ್ತದೆ ಎಂದಾದರೆ ಅದನ್ನು ಮುಚ್ಚದೆ ಉಳಿಸಿಕೊಳ್ಳುವುದೇ ನಮ್ಮ ಸಲಹೆ. ತೇವ ಮೇಲಿಂದಲೇ ಆರಿಹೋಗುವ ನೆಲ ಗೋಡೆಯನ್ನೂ ಕಾಪಾಡುತ್ತದೆ.

ಬಳಿಯುವ ಲೇಪಗಳು: ಯಾವುದು ಎಷ್ಟು

ಇಲ್ಲಿ ಮೂರು ಬಗೆಯ ಸರಕನ್ನು ಒಂದೇ ಹೆಸರಿನಲ್ಲಿ ಮಾರುತ್ತಾರೆ, ಅದರಿಂದಲೇ ಗೊಂದಲ.

ಸಿಮೆಂಟಿನ ಜೊತೆ ಕಲಸಿ ಬಳಿಯುವ ಪಾಲಿಮರ್ ಲೇಪ ಬಚ್ಚಲು, ತಾರಸಿ, ಸಂಪಿಗೆ ಚೆನ್ನಾಗಿದೆ. ಅಲ್ಲಿ ನೀರು ಲೇಪದ ಮೇಲಿಂದ ಒತ್ತುತ್ತದೆ. ನೆಲದಲ್ಲಿ ಒತ್ತಡ ಅಡಿಯಿಂದ ಬರುತ್ತದೆ, ಲೇಪವನ್ನು ಕಾಂಕ್ರೀಟಿನಿಂದ ಎಬ್ಬಿಸಲು ನೋಡುತ್ತದೆ. ಜೊತೆಗೆ ಇದು ಆವಿಯನ್ನು ಪೂರ್ತಿ ತಡೆಯುವುದಿಲ್ಲ. ಓಡಾಡುವ ನೆಲಕ್ಕೆ ಇದನ್ನೇ ಕೊನೆಯ ಪದರವಾಗಿ ಬಿಟ್ಟರೆ ಸವೆದೂ ಹೋಗುತ್ತದೆ.

ಕಾಂಕ್ರೀಟಿನೊಳಗೆ ಇಳಿದು ಹರಳುಗಟ್ಟುವ ಕ್ರಿಸ್ಟಲೈನ್ ಪುಡಿ ಒಳ್ಳೆಯ, ಬಿಗಿಯಾದ ಕಾಂಕ್ರೀಟಿನಲ್ಲಿ ಕೆಲಸ ಮಾಡುತ್ತದೆ. ಜಲ್ಲಿಯ ನಡುವೆ ಕಣ್ಣಿಗೆ ಕಾಣುವ ಸಂದುಗಳಿರುವ ಹಳೆಯ 1:4:8 ಬೆಡ್ಡಿನಲ್ಲಿ ಆ ಹರಳಿಗೆ ತುಂಬಲಾರದಷ್ಟು ದೊಡ್ಡ ಖಾಲಿ ಇರುತ್ತದೆ. ಹಳೆಯ ನೆಲಕ್ಕೆ ಇದರ ಮೇಲೆ ದುಡ್ಡು ಸುರಿಯಬೇಡಿ.

ತೇವದ ನೆಲಕ್ಕೆ ನಿಜವಾಗಿ ನಿಲ್ಲುವ ಲೇಪವೆಂದರೆ ಎರಡು ಭಾಗ ಬೆರೆಸುವ, ತೇವ ತಡೆಗೆಂದೇ ತಯಾರಾದ ಎಪಾಕ್ಸಿ. ನೆಲದ ಎತ್ತರ ಹೆಚ್ಚಿಸಲು ಜಾಗವೇ ಇಲ್ಲದ ಮನೆಗೆ, ಅಂದರೆ ಬಾಗಿಲು ಕತ್ತರಿಸಲಾಗದ, ಹೊಸ್ತಿಲು ಏರಿಸಲಾಗದ ಕಡೆಗೆ ಇದೇ ಸರಿ. ಆದರೆ ಕೆಳಗಿನ ಕಾಂಕ್ರೀಟ್ ಗಟ್ಟಿಯಿರಬೇಕು. ಮೊಳೆಯಿಂದ ಜೋರಾಗಿ ಗೀರಿದಾಗ ಪುಡಿ ಉದುರಿ ಗುಳಿ ಬಿದ್ದರೆ ಎಪಾಕ್ಸಿ ಅದನ್ನೇ ಕಿತ್ತುಕೊಂಡು ಮೇಲೇಳುತ್ತದೆ.

10×12 ಅಡಿಯ ಕೋಣೆಗೆ, ಅಂದರೆ ಸುಮಾರು 11 ಚದರ ಮೀಟರಿಗೆ ಲೆಕ್ಕ ಹೀಗೆ. ಮೊದಲು ರೆಡಾಕ್ಸೈಡಿನ ಹೊಳಪು, ಎಣ್ಣೆ, ಮೇಣವನ್ನೆಲ್ಲ ಡೈಮಂಡ್ ಕಪ್ ಹಾಕಿದ ಗ್ರೈಂಡರಿನಿಂದ ತೆಗೆಯಬೇಕು. ತೆಗೆದಾದ ಮೇಲೆ ನಾಲ್ಕೈದು ಕಡೆ ನೀರಿನ ಹನಿ ಹಾಕಿ. ಹನಿ ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಇದೆ, ಹೀರಿಕೊಂಡರೆ ತಯಾರಾಗಿದೆ. ಎರಡು ಕೋಟಿಗೆ ಎಪಾಕ್ಸಿ ಸುಮಾರು ಆರೂವರೆ–ಏಳು ಕಿಲೋ ಬೇಕು, ಅಂದರೆ ಚದರ ಮೀಟರಿಗೆ ಕೋಟೊಂದಕ್ಕೆ ಸುಮಾರು 300 ಗ್ರಾಂ. ತರಿತರಿ ನೆಲ ಇನ್ನೂ ಹೆಚ್ಚು ಕುಡಿಯುತ್ತದೆ. ಎರಡು ಡಬ್ಬಿಯ ಸರಕನ್ನು ತೂಕ ಹಾಕಿಯೇ ಬೆರೆಸಿ. ಅಂದಾಜಿಗೆ ಸುರಿದ ಎಪಾಕ್ಸಿ ಅಂಟಂಟಾಗಿಯೇ ಉಳಿಯುತ್ತದೆ. ನಮ್ಮ ಸೆಕೆಗೆ ಬೆರೆಸಿದ ಡಬ್ಬಿ ಅರ್ಧ ಗಂಟೆಯೊಳಗೆ ಬಿಸಿಯಾಗಿ ಗಟ್ಟಿಯಾಗುವುದರಿಂದ ಒಮ್ಮೆಗೆ ಒಂದೆರಡು ಕಿಲೋ ಮಾತ್ರ ಬೆರೆಸಿ, ತಕ್ಷಣ ನೆಲಕ್ಕೆ ಸುರಿದು ಹರಡಿ.

ಬಳಿಯುವ ಹೊತ್ತು ಸಂಜೆ. ಬೆಳಿಗ್ಗೆ ಬಳಿದರೆ ನೆಲ ಬಿಸಿಯೇರುತ್ತ ಹೋದಂತೆ ರಂಧ್ರದೊಳಗಿನ ಗಾಳಿ ಹಿಗ್ಗಿ ಮೇಲೆ ಬಂದು ಸೂಜಿಮೊನೆಯಷ್ಟು ತೂತುಗಳನ್ನು ಬಿಡುತ್ತದೆ. ಮುಂದೆ ಆ ತೂತುಗಳಿಂದಲೇ ತೇವ ಏರುತ್ತದೆ. ಸಂಜೆ ನೆಲ ತಣಿಯುವಾಗ ಗಾಳಿ ಕುಗ್ಗಿ ಎಪಾಕ್ಸಿಯನ್ನು ಒಳಗೆಳೆದುಕೊಳ್ಳುತ್ತದೆ. ಎರಡನೇ ಕೋಟನ್ನು ಮಾರನೆಯ ದಿನ ಮೊದಲನೆಯದಕ್ಕೆ ಅಡ್ಡಲಾಗಿ ಎಳೆಯಿರಿ. ಅದು ಹಸಿಯಿರುವಾಗಲೇ ಒಣ ಕ್ವಾರ್ಟ್ಜ್ ಮರಳನ್ನು 12–15 ಕಿಲೋದಷ್ಟು ಎರಚಿ. ಮರಳಿಲ್ಲದ ನುಣುಪು ಎಪಾಕ್ಸಿಗೆ ಟೈಲ್ ಅಂಟು ಹಿಡಿಯುವುದಿಲ್ಲ. ಮರುದಿನ ಸಡಿಲ ಮರಳು ಗುಡಿಸಿದರೆ ಮೇಲೆ ಟೈಲ್ ಹಾಕಬಹುದು.

ನೆಲ ಎಂದೂ ಪೂರ್ತಿ ಆರುವುದೇ ಇಲ್ಲ ಎಂಬ ಜಾಗಕ್ಕೆ ಸಿಮೆಂಟ್ ಸೇರಿದ ಮೂರು ಭಾಗದ ಎಪಾಕ್ಸಿ ಬರುತ್ತದೆ. ಅದು ಹಸಿ ಕಾಂಕ್ರೀಟಿನ ಮೇಲೂ ಕೂರುತ್ತದೆ. ನೀರು ನಿಂತ ನೆಲದ ಮೇಲೆ ಅದೂ ಕೂರದು. ಎಪಾಕ್ಸಿ ಯಾವುದೇ ಇರಲಿ, ಬಟ್ಟೆಯ ಕೈಗವಸು ಸಾಲದು, ನೈಟ್ರೈಲ್ ಕೈಗವಸು ಕಡ್ಡಾಯ. ಎಪಾಕ್ಸಿಯ ಹಾರ್ಡನರ್, ಅಂದರೆ ಅದನ್ನು ಗಟ್ಟಿಯಾಗಿಸುವ ಭಾಗ, ಚರ್ಮಕ್ಕೆ ಒಮ್ಮೆ ಅಲರ್ಜಿ ಹಿಡಿಸಿದರೆ ಅದು ಜೀವಮಾನವಿಡೀ ಕಾಡಬಹುದು. ಗ್ರೈಂಡರ್ ಹಿಡಿದವರಿಗೆ ಕರವಸ್ತ್ರವಲ್ಲ, ಎನ್-95 ಮಾಸ್ಕ್.

ಹಾಳೆ ಹಾಸಿ ಮೇಲೆ ಹೊಸ ಕಾಂಕ್ರೀಟ್

ಎರಡೂವರೆ ಇಂಚು ಎತ್ತರ ಬಿಟ್ಟುಕೊಡಲು ಸಾಧ್ಯವಿರುವ ಮನೆಗೆ ನಮ್ಮ ಮೊದಲ ಆಯ್ಕೆ ಇದು. ಸರಕು ಸಾಮಾನ್ಯದ್ದು, ಊರಿನ ಮೇಸ್ತ್ರಿಗೆ ಗೊತ್ತಿರುವ ಕೆಲಸ. ಕೆಳಗಿನ ನೆಲ ಹಾಳೆಗೆ ಅಂಟಬೇಕಾಗಿಲ್ಲದ್ದರಿಂದ ಎಣ್ಣೆ, ಮೇಣ, ಉಪ್ಪಿನ ಚಿಂತೆಯೂ ಇಲ್ಲ.

ಹಳೆಯ ನೆಲದ ಟೊಳ್ಳು ಗಾರೆ ಕಿತ್ತು, ಗುಂಡಿ ತುಂಬಿ, ಚೂಪಾದ ಜಲ್ಲಿ ಮೂತಿಗಳನ್ನೆಲ್ಲ ಒಡೆದು ಸಮ ಮಾಡಿ. ಮೇಲೆ 250 ಮೈಕ್ರಾನ್ ಪಾಲಿಥೀನ್ ಹಾಳೆ. ಅಂಗಡಿಯಲ್ಲಿ 1000 ಗೇಜ್ ಎಂದು ಕೇಳಿ. ಕೈಗೆ ಸಿಕ್ಕಿದ ತೆಳು ಹಾಳೆ ಮೇಸ್ತ್ರಿಯ ಬೂಟಿನಡಿಯೇ ಹರಿಯುತ್ತದೆ. ಒಂದು ಹಾಳೆಯ ಮೇಲೆ ಇನ್ನೊಂದು ಕನಿಷ್ಠ ಅರ್ಧ ಅಡಿ ಬರಬೇಕು, ಜೋಡಣೆಗೆ ಅಗಲ ಟೇಪ್. ಗೋಡೆಯ ಬಳಿ ಹಾಳೆಯನ್ನು ಅರ್ಧ ಅಡಿ ಮೇಲಕ್ಕೆ ಮಡಚಿ ಸ್ಕರ್ಟಿಂಗ್‌ನ ಹಿಂದೆ ಸಿಕ್ಕಿಸಿ. ಗೋಡೆಯ ಬುಡದಲ್ಲಿ ಹಾಳೆ ನಿಂತುಬಿಟ್ಟರೆ ಆ ಬೆರಳಗಲದ ಸಂದೇ ತೇವಕ್ಕೆ ದಾರಿ.

ಹಾಳೆಯ ಮೇಲೆ 2 ಇಂಚು ಕಾಂಕ್ರೀಟ್, ಉಳಿದ ಅರ್ಧ ಇಂಚು ಟೈಲ್ ಮತ್ತು ಅಂಟಿಗೆ. ಬರೀ ಮರಳು-ಸಿಮೆಂಟಿಗಿಂತ 12 ಎಂಎಂ ಜಲ್ಲಿ ಸೇರಿಸಿದ 1:2:4 ಮಿಶ್ರಣ ಕಡಿಮೆ ಕುಗ್ಗುತ್ತದೆ. ಅದೇ 10×12 ಕೋಣೆಗೆ ಸಿಮೆಂಟ್ ಮೂರೂವರೆ ಮೂಟೆ, ಮರಳು 9 ಘನ ಅಡಿ, ಜಲ್ಲಿ 18 ಘನ ಅಡಿ. ಮೂಟೆಗೆ ನೀರು 25–27 ಲೀಟರ್, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಹಾಳೆಯ ಮೇಲೆ ಹಾಕಿದ ಕಾಂಕ್ರೀಟಿನ ನೀರು ಕೆಳಗೆ ಇಂಗುವುದಿಲ್ಲ, ಎಲ್ಲವೂ ಮೇಲಿನಿಂದಲೇ ಆರಬೇಕು. ಮೇಲ್ಭಾಗ ಮೊದಲು ಕುಗ್ಗಿ ಮೂಲೆಗಳು ಬಟ್ಟಲಿನಂತೆ ಏಳುವುದು ಇದೇ ಕಾರಣಕ್ಕೆ. ಮಿಶ್ರಣ ತೆಳುವಾದಷ್ಟೂ ಮೂಲೆ ಏಳುವುದು ಹೆಚ್ಚು. ಅದನ್ನು ತಡೆಯಲು ಏಳರಿಂದ ಹತ್ತು ದಿನ ಬಿಡದೆ ಒದ್ದೆಯಾಗಿಡಿ, ಗೋಡೆಗುಂಟ 6 ಎಂಎಂ ಥರ್ಮಾಕೋಲ್ ಪಟ್ಟಿ ಇಟ್ಟು ಕಾಂಕ್ರೀಟ್ ಗೋಡೆಗೆ ಕಚ್ಚದಂತೆ ನೋಡಿಕೊಳ್ಳಿ. ಎರಡು ಇಂಚಿಗಿಂತ ತೆಳುವಾಗಿ ಎಳೆದರೆ ಕೆಳಗೆ ಅಂಟಿಲ್ಲದ ಆ ಹಲಗೆ ಬೀರುವಿನ ಭಾರಕ್ಕೇ ಸೀಳುತ್ತದೆ.

ಒಣಗಲು ದಿನಕ್ಕೆ ಒಂದು ಮಿಲಿಮೀಟರ್ ಎಂಬ ಲೆಕ್ಕವಿದೆ. 50 ಎಂಎಂಗೆ ಐವತ್ತು ದಿನ, ಅದೂ ಒಣ ಹವೆಯಲ್ಲಿ. ಟೈಲಿಗೆ ಅಷ್ಟು ಕಾಯಬೇಕಿಲ್ಲ. ವಿನೈಲ್ ಅಥವಾ ಮರದ ನೆಲಕ್ಕೆ ಕಾಯಲೇಬೇಕು. ಆದ್ದರಿಂದ ಫೆಬ್ರವರಿಯಲ್ಲಿ ಕಾಂಕ್ರೀಟ್ ಬಿದ್ದರೆ ಮಳೆಗೆ ಮುಂಚೆ ಮನೆ ತಯಾರು.

ಎತ್ತರದ ಲೆಕ್ಕವನ್ನು ಹಾಳೆ ತರುವ ಮೊದಲೇ ಹಾಕಿ. ಪ್ರತಿ ಬಾಗಿಲೂ ಎರಡೂವರೆ ಇಂಚು ಕತ್ತರಿಸಬೇಕು. ಮಹಡಿಗೆ ಹೋಗುವ ಮೊದಲ ಮೆಟ್ಟಿಲು ಅಷ್ಟೇ ತಗ್ಗಾಗಿ, ಉಳಿದವು ಹಾಗೇ ಇದ್ದು, ಇಳಿಯುವಾಗ ಕಾಲು ತಪ್ಪುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅಡುಗೆ ಕಟ್ಟೆಯೂ ಅಷ್ಟು ತಗ್ಗಾಗುತ್ತದೆ.

ಪೂರ್ತಿ ಅಗೆದು ಹೊಸದು

ಬೆಡ್ ಕುಸಿದಿದೆ, ತಟ್ಟಿದಲ್ಲೆಲ್ಲ ಟೊಳ್ಳು, ಅಥವಾ ಗೆದ್ದಲು ನೆಲದಡಿಯಿಂದಲೇ ಬರುತ್ತಿದೆ ಎಂದಾದರೆ ಮಾತ್ರ ಈ ದಾರಿ. ಕೆಲಸ ಹೆಚ್ಚು, ಧೂಳು ಹೆಚ್ಚು, ಮನೆ ಬಿಡಬೇಕು. ಫಲವೂ ಎಲ್ಲಕ್ಕಿಂತ ಹೆಚ್ಚು, ಎತ್ತರವೂ ಬದಲಾಗದು.

ಹಳೆಯ ನೆಲದ ಮಟ್ಟದಿಂದ ಒಂದಡಿ ಅಗೆದು, ಮಣ್ಣು ದಮ್ಮಸು ಹೊಡೆದು, ಗೆದ್ದಲಿನ ಮದ್ದನ್ನು ಪರವಾನಗಿ ಇರುವವರಿಂದ ಈ ಹಂತದಲ್ಲೇ ಹಾಕಿಸಿ. ಮೇಲೆ 6 ಇಂಚು 40 ಎಂಎಂ ಜಲ್ಲಿ, ಕೋಣೆಗೆ ಸುಮಾರು 70 ಘನ ಅಡಿ. ಇಲ್ಲಿ ದೊಡ್ಡ ತಪ್ಪು ನಡೆಯುವುದು ಜಲ್ಲಿಯ ಬದಲು ಕ್ರಷರ್ ಪುಡಿ ತುಂಬುವುದರಲ್ಲಿ. ಪುಡಿ ಅಗ್ಗ, ಚೆನ್ನಾಗಿ ಕೂರುತ್ತದೆ, ಆದರೆ ಸಣ್ಣ ಕಣಗಳ ನಡುವಿನ ಸಂದು ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. ಪುಡಿಯಿಲ್ಲದ ದಪ್ಪ ಜಲ್ಲಿಯ ದೊಡ್ಡ ಸಂದುಗಳಲ್ಲಿ ಅದು ಏರಲಾರದು. ಜಲ್ಲಿಯ ಮೇಲೆ ಹಾಳೆ ಹರಿಯದಷ್ಟು, ಒಂದೇ ಇಂಚು ಮರಳು. ಅದರ ಮೇಲೆ 250 ಮೈಕ್ರಾನ್ ಹಾಳೆ. ಮೇಲೆ 4 ಇಂಚು 1:2:4 ಕಾಂಕ್ರೀಟ್. ಸಿಮೆಂಟ್ ಏಳು ಮೂಟೆ, ಮರಳು 17–18, 20 ಎಂಎಂ ಜಲ್ಲಿ 35 ಘನ ಅಡಿ. ಸಿಮೆಂಟಿಗೆ ಬೆರೆಸುವ ವಾಟರ್‌ಪ್ರೂಫಿಂಗ್ ದ್ರಾವಣ ಮೂಟೆಗೆ 200 ಮಿಲಿಯಂತೆ ಹಾಕುವ ರೂಢಿಯಿದೆ. ಹಾಕಿದರೆ ನಷ್ಟವಿಲ್ಲ, ಆದರೆ ಅದನ್ನು ಹಾಳೆಯ ಬದಲಿಗೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಳೆಯ ಪಾಯ ಮಣ್ಣುಗಾರೆಯ ಸೈಜ್ ಕಲ್ಲಿನದೋ ಮುರಕಲ್ಲಿನದೋ ಆಗಿದ್ದರೆ ಒಳಗಿನ ಮಣ್ಣೇ ಅದಕ್ಕೆ ಒತ್ತಾಸೆ. ಇಡೀ ಮನೆಯನ್ನು ಒಮ್ಮೆಗೆ ಅಗೆಯದೆ ಕೋಣೆಯೊಂದನ್ನು ಮುಗಿಸಿ ಮುಂದಿನದಕ್ಕೆ ಹೋಗಿ. ಮಳೆಗಾಲದಲ್ಲಿ ಅಗೆಯಲೇಬೇಡಿ.

ನೇರವಾಗಿ ಟೈಲ್ ಹಾಕಿದರೆ?

ತುಂಬ ಜನ ಕೇಳುವ ಪ್ರಶ್ನೆ. ವಿಟ್ರಿಫೈಡ್ ಟೈಲ್ ನೀರು ಹೀರುವುದಿಲ್ಲ, ಹಾಗಾಗಿ ಮೊದಲ ವರ್ಷ ನೆಲ ಒಣಗಿದಂತೆಯೇ ಕಾಣುತ್ತದೆ. ಆಮೇಲೆ ಟೈಲ್ ನಡುವಿನ ಗ್ರೌಟ್ ಕಪ್ಪಾಗಿ ಬಿಳಿ ಉಪ್ಪು ಒಸರುತ್ತದೆ, ಸ್ಕರ್ಟಿಂಗ್‌ನ ಮೇಲೆ ಗೋಡೆಯ ಬಣ್ಣ ಗುಳ್ಳೆ ಏಳುತ್ತದೆ. ತಿಳಿ ಬಣ್ಣದ ಮಾರ್ಬಲ್ ಹಳದಿ ತಿರುಗುತ್ತದೆ. ಮರದ ಲ್ಯಾಮಿನೇಟ್ ಒಂದೇ ಮಳೆಗಾಲಕ್ಕೆ ಅಂಚಿನಲ್ಲಿ ಉಬ್ಬುತ್ತದೆ. ಪ್ಲಾಸ್ಟಿಕ್ ಚೌಕದಡಿ ಹನಿ ಕಂಡ ನೆಲಕ್ಕೆ ಇವು ಯಾವುವೂ ತಡೆ ಇಲ್ಲದೆ ಸಲ್ಲವು.

ಗೋಡೆಗೂ ತೇವ ತಡೆಯ ಪಟ್ಟಿ ಇಲ್ಲದ ಮನೆಯಲ್ಲಿ, ಅಂದರೆ ಈಗಾಗಲೇ ಎರಡು ಮೂರು ಅಡಿ ಎತ್ತರಕ್ಕೆ ಗೋಡೆ ಪಸೆ ಹಿಡಿದಿರುವಲ್ಲಿ, ನೆಲದ ಕೆಲಸದ ಜೊತೆಗೇ ಗೋಡೆಯ ಬುಡದ ಕೆಲಸವನ್ನೂ ಒಂದೇ ಬೇಸಿಗೆಯಲ್ಲಿ ಮುಗಿಸಿ. ಗೋಡೆಯ ಬುಡಕ್ಕೆ ರಂಧ್ರ ಕೊರೆದು ತೇವ ತಡೆಯುವ ಸಿಲೇನ್ ಕ್ರೀಮ್ ತುಂಬುವುದಿದ್ದರೆ ಅದನ್ನು ಹೊಸ ನೆಲದ ಮಟ್ಟ ಗುರುತು ಹಾಕಿದ ಮೇಲೆಯೇ ಕೊರೆಯಬೇಕು, ಹಾಳೆಯ ಮಡಿಕೆ ಆ ಗೆರೆಯನ್ನು ಮುಟ್ಟುವಂತೆ ಇರಬೇಕು. ಉಪ್ಪು ತುಂಬಿದ ಹಳೆಯ ಗಿಲಾವನ್ನು ತೇವದ ಗೆರೆಯಿಂದ ಒಂದಡಿ ಮೇಲಿನವರೆಗೂ ಕೆರೆದು ತೆಗೆಯಿರಿ. ಆ ಉಪ್ಪು ಗಾಳಿಯಿಂದಲೇ ನೀರು ಹೀರುವುದರಿಂದ, ನೆಲ ಎಷ್ಟೇ ಚೆನ್ನಾಗಿ ಒಣಗಿದರೂ ಗೋಡೆ ಮಾತ್ರ ಪ್ರತಿ ಮಳೆಗೂ ಕಪ್ಪಾಗುತ್ತಲೇ ಇರುತ್ತದೆ.